ಅಕ್ಕನ ಹಿತ್ತಲಿಗೆ ಸಾಗವಾನಿ ಬೇಲಿ

ಅಕ್ಕ ತನ್ನ ಹಿತ್ತಲಿಗೆ ಮರದ ಬೇಲಿ ಹಾಕಿಸುತ್ತಿದ್ದಾಳೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಅವಳಿಂದಲ್ಲ, ನನ್ನ ಗೆಳೆಯನಿಂದ. ಬಳ್ಳಾರಿಯ ಗಾಂಧಿನಗರದ ಒಂದು ತಳ್ಳುಗಾಡಿಯ ಮುಂದೆ ನಿಂತು ಇಬ್ಬರೂ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿನ್ನುತ್ತಿದ್ದೆವು. ಅವನು ಮಿರ್ಚಿಯ ತೊಟ್ಟು ಕಿತ್ತು ತಟ್ಟೆಯ ಅಂಚಿಗೆ ಇಡುತ್ತ, ಯಾವುದೋ ಹಳೆಯ ಮಾತನ್ನು ಮುಂದುವರಿಸುವವನ ಹಾಗೆ ಹೇಳಿದ.

"ಅಕ್ಕಗ ಸಾಗವಾನಿನ ಬೇಕಂತಲೇ. ಸಿರುಗುಪ್ಪದಾಗ ಅವರ ಮಾವಾರ ಹಳೇ ರೈಸ್ ಮಿಲ್ ಬಿಚ್ಚಾಕ ಹತ್ಯಾರಲ್ಲ, ಆ ಕಟಿಗಿ ತಗೊಂಡು ಬೇಲಿ ಮಾಡಿಕೊಡು ಅಂದ್ಲು."

"ಯಾವ ಅಕ್ಕ?" ಎಂದೆ. ಅವನಿಗೆ ಒಡಹುಟ್ಟಿದ ಅಕ್ಕ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ನಮಗ ಎಷ್ಟ ಮಂದಿ ಅಕ್ಕಂದಿರು ಅದಾರಲೇ?" ಎಂದು ನಕ್ಕು, ಇನ್ನೊಂದು ಮಿರ್ಚಿಗೆ ಕೈಹಾಕಿದ. "ಮತ್ತ ಇನ್ನೊಂದು ಹೇಳಿದ್ಲು. ಮಗಳ ಮದುವ್ಯಾಗ ಹಾಲುಗಂಬ ಇಬ್ಬರೂ ಕೂಡಿ ಹಿಡೀರಿ ಅಂದ್ಲು."

ಆಮೇಲೆ ಅವನು ಏನಾದರೂ ಹೇಳಿದನೇ, ನಾನು ಏನಾದರೂ ಅಂದೆನೇ, ಗೊತ್ತಿಲ್ಲ. ನನ್ನ ನೆನಪು ಅಲ್ಲಿಗೆ ನಿಲ್ಲುತ್ತದೆ. ಬಾಯಲ್ಲಿದ್ದ ಮಂಡಕ್ಕಿಯ ಮೇಲೆ ನೀರು ಕುಡಿದದ್ದು ಮಾತ್ರ ನೆನಪಿದೆ.

ನಮ್ಮ ಮನೆತನಗಳಲ್ಲಿ ಮದುವೆಯ ಹಂದರಕ್ಕೆ ಮೊದಲ ಕಂಬ ನೆಡುವವನು ಹುಡುಗಿಯ ಸೋದರಮಾವ. ಹಾಲು ಒಸರುವ ಮರದ ಹಸಿ ಕೊಂಬೆಯೊಂದನ್ನು ಅವನೇ ಕಡಿದು, ಹೆಗಲ ಮೇಲೆ ಹೊತ್ತು ತಂದು, ನೆಲದಲ್ಲಿ ತೋಡಿದ ಕುಣಿಯಲ್ಲಿ ನಿಲ್ಲಿಸಿ ಹಿಡಿಯಬೇಕು. ಹೆಂಗಸರು ಅದಕ್ಕೆ ಹಾಲೆರೆದು ಪೂಜೆ ಮಾಡುತ್ತಾರೆ. ಉಳಿದ ಹಂದರ ಏಳುವುದು ಅದರ ನಂತರ. ಈಗೆಲ್ಲ ಮದುವೆ ಕಲ್ಯಾಣ ಮಂಟಪದಲ್ಲೇ ನಡೆದರೂ, ಹಾಲುಗಂಬ ಮಾತ್ರ ಮನೆಯ ಮುಂದೆಯೇ. ನಾನು ಅಕ್ಕನಿಗೆ ಒಬ್ಬನೇ ತಮ್ಮ. ಶಾಸ್ತ್ರ ಸಂಪ್ರದಾಯಗಳನ್ನು ನಂಬದವನು. ನನ್ನ ಮದುವೆಗೆ ಮುಹೂರ್ತವೇ ಬೇಡವೆಂದು ಹಟ ಹಿಡಿದು ಅಪ್ಪನ ಹತ್ತಿರ ಬೈಸಿಕೊಂಡವನು. ಆದರೆ ಆ ಕಂಬ ನನಗೆ ಬೇಕಿತ್ತು. ನನ್ನೊಬ್ಬನಿಗೇ ಬೇಕಿತ್ತು.

ಗೆಳೆಯ ಕುರುಗೋಡಿನವನು. ಪಿಯುಸಿ ಓದಲು ಬಳ್ಳಾರಿಗೆ ಬಂದಾಗ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದ. ಆಗ ನಮ್ಮ ಮನೆ ಗಾಂಧಿನಗರದಲ್ಲಿತ್ತು. ಮೊದಲ ತಿಂಗಳು ತಾನೇ ಸ್ಟವ್ ಹಚ್ಚಿ ಅನ್ನ ಮಾಡಿಕೊಂಡ. ಎರಡನೆಯ ತಿಂಗಳಿಂದ ನಮ್ಮ ಅಡುಗೆಮನೆಯಲ್ಲಿ ನನ್ನ ಪಕ್ಕಕ್ಕೆ ಅವನಿಗೂ ಒಂದು ತಾಟು ಬಿತ್ತು. ಅದನ್ನು ಹಾಕಿದವಳು ಅಕ್ಕ. ಅವಳಾಗ ಡಿಗ್ರಿ ಓದುತ್ತಿದ್ದಳು. ಅವನನ್ನು "ಲೇ ತಮ್ಮಾ" ಎಂದು ಕರೆಯುತ್ತಿದ್ದಳು; ನಾನು ಓದುವುದರಲ್ಲಿ ಮುಂದಿದ್ದೆನೆಂದು ನನ್ನನ್ನು ಹಾಸ್ಯಕ್ಕೆ "ಸಾಹೇಬ್ರು" ಎನ್ನುತ್ತಿದ್ದಳು. ಹಾಸ್ಯದ ಹೆಸರುಗಳು ಹೋಗುವುದಿಲ್ಲ. ಇವತ್ತಿಗೂ ನಾನು ಸಾಹೇಬ್ರು, ಅವನು ತಮ್ಮ.

ಮುಂದೆ ನಾನು ಎಂ.ಎ. ಮಾಡಿ ಇತಿಹಾಸದ ಮೇಷ್ಟ್ರಾದೆ, ಈಗ ಪಾರ್ವತಿನಗರದಲ್ಲಿದ್ದೇನೆ. ಅವನು ಪಾಲಿಟೆಕ್ನಿಕ್ ಮುಗಿಸಿ ಕುರುಗೋಡಿನಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಕಾರ್ಖಾನೆ ಹಾಕಿ ನನಗಿಂತ ಹತ್ತು ಪಾಲು ಚೆನ್ನಾಗಿದ್ದಾನೆ. ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟೆವು. ಭಾವ ಬ್ಯಾಂಕಿನಲ್ಲಿದ್ದವರು, ವರ್ಗವಾಗಿ ಕುಮಟಾ ಕಡೆ ಹೋದವರು ಅಲ್ಲೇ ಸಮುದ್ರದ ಹತ್ತಿರ ಒಂದು ಮನೆ ಕೊಂಡರು. ಆ ಮನೆಯ ಹಿತ್ತಲಿಗೂ ಸಮುದ್ರಕ್ಕೂ ನಡುವೆ ಒಂದು ಕಾಲುದಾರಿ ಇದೆ. ಮೊದಲು ಅಲ್ಲಿ ಮೀನುಗಾರರು ಮಾತ್ರ ಓಡಾಡುತ್ತಿದ್ದರು, ಈಚೆಗೆ ಪ್ರವಾಸಿಗಳು. ಮೊಣಕಾಲುದ್ದದ ಚಿರೇಕಲ್ಲಿನ ಗೋಡೆಯಾಚೆ ನಿಂತು, ಅಕ್ಕ ಪಾತ್ರೆ ತೊಳೆಯುವುದನ್ನು ಏನೋ ಸೋಜಿಗವೆಂಬಂತೆ ನೋಡುತ್ತಿದ್ದರಂತೆ. ಒಬ್ಬರು ಫೋಟೊ ಕೂಡ ತೆಗೆದರಂತೆ. ಇದನ್ನೆಲ್ಲ ನನಗೆ ಹೇಳಿದವನೂ ಗೆಳೆಯನೇ.

ಅಕ್ಕ ನನಗೆ ಫೋನು ಮಾಡುವುದಿಲ್ಲವೆಂದಲ್ಲ. ಮಾಡುತ್ತಾಳೆ. "ಬಿಪಿ ಗುಳಿಗಿ ತಗೊಂಡೇನು? ಹುಡುಗ್ರು ಅರಾಮ ಅದಾರ?" ಎಂದು ಕೇಳಿ, "ಇಡ್ತೀನಿ, ಹಾಲು ಉಕ್ಕಾಕ ಹತ್ತೈತಿ" ಎನ್ನುತ್ತಾಳೆ. ನನ್ನ ಫೋನಿನ ಹೊತ್ತಿಗೇ ಅವಳ ಮನೆಯಲ್ಲಿ ಹಾಲು ಉಕ್ಕುತ್ತದೆ.

ಸುಮ್ಮನೆ ಕೂತರೆ ಆಗುವುದಿಲ್ಲ ಅನ್ನಿಸಿ, ಕಟ್ಟಿಗೆ ಆರಿಸಲು ನಾನೂ ಸಿರುಗುಪ್ಪಕ್ಕೆ ಬರುತ್ತೇನೆ ಎಂದೆ. "ನಿನಗ ಕಟಿಗಿ ಏನ್ ತಿಳಿತೈತಿ? ಬಾ, ಬಾ, ಮಾತಾಡಾಕ ಒಬ್ಬಾಂವ ಬೇಕು" ಎಂದ ಗೆಳೆಯ.

ಭಾವನ ತಂದೆಯ ಕಾಲದ ಆ ಅಕ್ಕಿ ಗಿರಣಿಯ ಚಾವಣಿಯನ್ನು ಅರ್ಧ ಬಿಚ್ಚಿದ್ದರು. ತೌಡಿನ ಧೂಳು ಎಷ್ಟೋ ವರ್ಷಗಳಿಂದ ತೊಲೆಗಳ ಮೇಲೆ ಕೂತು ಕಂಬಳಿಯ ಹಾಗಾಗಿತ್ತು. ಒಂದೊಂದು ತೊಲೆ ಇಳಿಯುವಾಗಲೂ ಮೈಮೇಲೆಲ್ಲ ಉದುರಿ ಕೆರೆತ. ಗೆಳೆಯ ಕೆಳಗೆ ನಿಂತು, "ಮೆಲ್ಲಗಾ ದಿಂಪಂಡನ್ನಾ, ಮೆಲ್ಲಗಾ" ಎಂದು, ತೊಲೆ ಮೆಲ್ಲಗೆ ಇಳಿಸಲು ಕೂಲಿಯವರಿಗೆ ತೆಲುಗಿನಲ್ಲಿ ಕೂಗುತ್ತಿದ್ದ. ನಾನೂ ಅಲ್ಲಿ ಇಲ್ಲಿ ಬೆರಳ ಗೆಣ್ಣಿನಿಂದ ಬಡಿದು ನೋಡಿ ತಲೆಯಾಡಿಸಿದೆ. ಬಡಿದಾಗ ಏನು ಕೇಳಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕನ ವಿಡಿಯೊ ಕರೆ ಬಂತು. ಅವನ ಫೋನಿಗೆ. ಅವನು ಫೋನನ್ನು ಮೇಲೆ ಹಿಡಿದು, ಬಿಚ್ಚಿದ ಚಾವಣಿ, ತೊಲೆಗಳ ರಾಶಿ, ಎಲ್ಲವನ್ನೂ ತೋರಿಸಿದ. ಅಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ಮಾವನಿಗೆ ಬುತ್ತಿ ತಂದುಕೊಡುತ್ತಿದ್ದ ಜಾಗವದು. ಅಕ್ಕನ ದನಿ ಸ್ವಲ್ಪ ಒಡೆಯಿತು. ಆಮೇಲೆ ಸಾವರಿಸಿಕೊಂಡು, "ನಿನ್ನ ಹಿಂದ ಯಾರೋ ನಿಂತಾರಲ್ಲೋ, ಮೈಯೆಲ್ಲ ತೌಡು! ಗಿರಣಿ ಆಳೇನು?" ಎಂದಳು.

"ಹೂನಕ್ಕಾ. ಇವತ್ತಿನ ಕೂಲಿ. ಕೆಲಸ ಕಮ್ಮಿ, ಮಾತು ಜಾಸ್ತಿ."

"ಅಯ್ಯ, ನಮ್ಮ ಸಾಹೇಬ್ರು!" ಎಂದು ಅವಳು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ನಗುತ್ತಲೇ, ಈ ಕರೆ ನನ್ನ ಫೋನಿಗೆ ಬಂದಿದ್ದರೆ ಅವಳಿಗೆ ಗಿರಣಿಯನ್ನು ನಾನು ತೋರಿಸುತ್ತಿದ್ದೆನಲ್ಲ, ಅವಳ ದನಿ ಒಡೆದದ್ದು ನನ್ನ ಕಿವಿಗೆ ಬೀಳುತ್ತಿತ್ತಲ್ಲ ಎಂದುಕೊಂಡೆ. ಅದು ನನ್ನ ಕಿವಿಗೂ ಬಿದ್ದಿತ್ತು ನಿಜ. ಆದರೆ ಅದು ಪಕ್ಕದಲ್ಲಿ ನಿಂತು ಕೇಳಿಸಿಕೊಂಡದ್ದು.

ಕಟ್ಟಿಗೆ ಕುರುಗೋಡಿಗೆ ಬಂತು. ಕಲ್ಲುಗುಡ್ಡದ ಬುಡದಲ್ಲಿ ಗೆಳೆಯನ ಕಾರ್ಖಾನೆ. ಬೇಸಿಗೆಯಲ್ಲಿ ಆ ಬಂಡೆಗಳು ಕಾದರೆ ಸಂಜೆಯಾದರೂ ಝಳ ಇಳಿಯುವುದಿಲ್ಲ. ನಾನು ರಜೆಯಲ್ಲಿದ್ದೆ. ದಿನಾ ಬಸ್ಸು ಹತ್ತಿ ಹೋಗುತ್ತಿದ್ದೆ. ಹೆಂಡತಿ, "ನಿಮ್ಮ ಸ್ವಂತ ಮನಿ ಬಾಗಲದ ಚಿಲಕ ಸಡ್ಲಾಗಿ ವರ್ಷಾತು" ಎಂದು ನೆನಪಿಸಿದಳು. ಹೋಗುವಾಗಲೆಲ್ಲ ನಾನು ಒಂದಲ್ಲ ಒಂದು ಸಲಹೆಯನ್ನು ತಯಾರಿಟ್ಟುಕೊಂಡಿರುತ್ತಿದ್ದೆ. ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ಉಳಿಯುವುದಿಲ್ಲ, ಸ್ಟೀಲಿನ ಸ್ಕ್ರೂ ಬೇಕು ಎಂದೆ. ಅವನು ಆಗಲೇ ತರಿಸಿದ್ದ. ಮರದ ಕಂಬ ಮರಳಿನಲ್ಲಿ ಕೊಳೆಯುತ್ತದಲ್ಲ ಎಂದೆ. ಅವನು ಗುಡ್ಡದ ಕಡೆ ಕೈ ತೋರಿಸಿದ. ನಮ್ಮ ಕಡೆ ಹೊಲದ ಬೇಲಿಗೆ ನೆಡುವಂಥ ಕಲ್ಲುಗಂಬಗಳನ್ನೇ ಆರಿಸಿ, ಬೋಲ್ಟು ಕೂರಿಸಲು ತೂತು ಕೊರೆಸಿ, ಸಾಲಾಗಿ ಒರಗಿಸಿಟ್ಟಿದ್ದ. ಉಪ್ಪು ಕಲ್ಲನ್ನು ಏನು ಮಾಡೀತು? ಉಪಾಯ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರಬೇಕಾಗಿರಲಿಲ್ಲ.

ಕೆಲಸದ ನಡುವೆ ಅವನು ಹಳೆಯದನ್ನೆಲ್ಲ ತೆಗೆಯುತ್ತಿದ್ದ. ಅದು ನನಗೆ ಬೇಲಿಗಿಂತ ಹೆಚ್ಚು ಚುಚ್ಚುತ್ತಿತ್ತು. ನಮ್ಮ ಮನೆಯ ಬಚ್ಚಲ ಬಾಗಿಲಿಗೆ ಯಾವ ಬಣ್ಣವಿತ್ತು, ಅಕ್ಕ ಪರೀಕ್ಷೆಯ ಹಿಂದಿನ ದಿನ ಏನು ತಿನ್ನುತ್ತಿದ್ದಳು, ಅಮ್ಮ ಬೈದಾಗ ಯಾವ ಮೂಲೆಯಲ್ಲಿ ಹೋಗಿ ಕೂರುತ್ತಿದ್ದಳು, ಎಲ್ಲ ಅವನಿಗೆ ಗೊತ್ತು. ನನಗೆ ಬಾಗಿಲು ನೆನಪಿದೆ, ಬಣ್ಣ ನೆನಪಿಲ್ಲ. ನನ್ನ ಮನೆಯ ನೆನಪು ಬೇಕೆಂದರೆ ನಾನು ಕುರುಗೋಡಿಗೆ ಬಸ್ಸು ಹತ್ತಬೇಕು.

ಒಂದು ದಿನ ಹಲಗೆ ನುಣುಪಾಗಲೆಂದು ರಂದ ಹೊಡೆಯುತ್ತ, "ಅಕ್ಕಗ ಸೈಕಲ್ ಕಲಿಸಿದ್ದು ನೆನಪೈತೇನಲೇ?" ಎಂದ. "ನಾ ಹಿಂದ ಸೀಟು ಹಿಡಕೊಂಡು ಓಡಿ ಓಡಿ, ಚಪ್ಪಲಿ ಹರದು ಹೋಗಿದ್ವು."

"ನೀನಲ್ಲ. ಸೀಟು ಹಿಡಿದಿದ್ದಾಂವ ನಾನು."

"ನೀ ಕಟ್ಟಿ ಮ್ಯಾಲೆ ಕುಂತು ಪುಸ್ತಕ ಓದ್ತಿದ್ದಿ."

"ಸೀಟಿನ ಸ್ಪ್ರಿಂಗಿನಾಗ ನನ್ನ ಬೆರಳು ಸಿಕ್ಕು ರಕ್ತ ಬಂದಿತ್ತು."

"ಬೆರಳು ಸಿಕ್ಕಿದ್ದು ನನ್ನದು. ನೋಡಿಲ್ಲಿ," ಎಂದು ಬಲಗೈ ಚಾಚಿದ. ಮೂವತ್ತು ವರ್ಷ ಉಳಿ, ಗರಗಸ ಹಿಡಿದ ಕೈ. ಅದರ ತುಂಬ ಗಾಯದ ಗುರುತುಗಳು. ಯಾವುದನ್ನು ಬೇಕಾದರೂ ಸೈಕಲ್ಲಿನದು ಎನ್ನಬಹುದಿತ್ತು. ನಾನು ನನ್ನ ಬೆರಳು ನೋಡಿಕೊಂಡೆ. ಏನೂ ಇರಲಿಲ್ಲ. ಒಂದೇ ಸಾಕ್ಷಿಯನ್ನು ನಂಬಬೇಡಿ, ಆ ಸಾಕ್ಷಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳಿ ಎಂದು ತರಗತಿಯಲ್ಲಿ ಹೇಳುವವನು ನಾನು. ಸ್ಪ್ರಿಂಗು ಕಚ್ಚಿದ ನೋವು ನನಗೆ ಈಗಲೂ ನೆನಪಿದೆ. ಆದರೆ ಆ ನೆನಪಿನಿಂದ ಲಾಭವಿರುವವನೂ ನಾನೇ.

ಹಲಗೆಗಳನ್ನು ಚೌಕಟ್ಟಿಗೆ ಕೂರಿಸುವ ಹೊತ್ತು ಬಂತು. ನಮ್ಮ ಸೀಮೆಯಲ್ಲಿ ಮರ ಎಂದರೆ ಒಣಗುವ ವಸ್ತು. ಹೊಸ ಬಾಗಿಲು ಎರಡು ಬೇಸಿಗೆ ಕಂಡರೆ ಸಾಕು, ಹಲಗೆ ಹಲಗೆಯ ನಡುವೆ ಸಂದು ಬಿದ್ದು ಒಳಗಿನ ದೀಪ ಬೀದಿಗೆ ಕಾಣುತ್ತದೆ. ಹಾಗೆ ಕಂಡರೆ ಬಡಿಗನ ಮರ್ಯಾದೆ ಹೋಯಿತು. ಅದಕ್ಕೇ ಇಲ್ಲಿ ಹಲಗೆಗಳನ್ನು ಕ್ಲಾಂಪು ಹಾಕಿ ಒಂದಕ್ಕೊಂದು ಒತ್ತಿ, ಉಗುರು ಕೂಡ ಹೋಗದಂತೆ ಬಿಗಿಯುತ್ತಾರೆ. ಗೆಳೆಯನ ಕಾರ್ಖಾನೆಯಲ್ಲಿ ಅದಕ್ಕೊಂದು ಪರೀಕ್ಷೆಯೇ ಇತ್ತು. ತಯಾರಾದ ಪ್ರತಿ ಹಲಗೆಚೌಕಟ್ಟನ್ನು ಬಿಸಿಲಿಗೆ ಎದುರಾಗಿ ನಿಲ್ಲಿಸಿ, ಒಬ್ಬ ನೆರಳಿನ ಕಡೆ ಕೂತು ನೋಡಬೇಕು. ಎಲ್ಲಿಯಾದರೂ ಒಂದು ಎಳೆ ಬೆಳಕು ತೂರಿ ಬಂದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಚ್ಚಿ, ಮತ್ತೆ ರಂದ ಹೊಡೆದು ಬಿಗಿಯಬೇಕು.

ಸೀಮೆಸುಣ್ಣ ಹಿಡಿದು ನೆರಳಿನಲ್ಲಿ ಕೂತದ್ದು ನಾನು ಎಂದು ನನ್ನ ನೆನಪು. ಅದು ನನ್ನ ಕಸುಬಿನ ಸಾಮಾನು ತಾನೆ. ಅಕ್ಕನನ್ನು ಯಾರೂ ನೋಡಬಾರದು ಎಂದು ಒಂದು ಕೂದಲೆಳೆ ಬೆಳಕನ್ನೂ ಬಿಡದೆ ಹುಡುಕಿದೆ. ಅವನಿಗಿಂತ ನಾನೇ ಕಟ್ಟುನಿಟ್ಟು ಮಾಡಿದೆ. "ಸಾಕಲೇ, ಕತ್ತಲ ಕ್ವಾಣಿ ಮಾಡ್ತೀಯೇನು?" ಎಂದು ಅವನು ಬೇಸತ್ತದ್ದು ನನಗೆ ಹೆಮ್ಮೆಯಾಗಿ ಉಳಿದಿದೆ. ಅವನನ್ನು ಕೇಳಿದರೆ ಗುರುತು ಹಾಕಿದವನು ತಾನು, ಬೇಸತ್ತವನು ನಾನು ಎನ್ನುತ್ತಾನೆ.

ಬೇಸಿಗೆ ಮುಗಿಯುವ ಮೊದಲು ಲಾರಿಯಲ್ಲಿ ಕಲ್ಲು, ಹಲಗೆ ಎಲ್ಲ ಹೇರಿಕೊಂಡು ಕುಮಟಾ ಕಡೆ ಹೊರಟೆವು. ಘಟ್ಟ ಇಳಿದ ಮೇಲೆ ಅಂಗಿ ಬೆನ್ನಿಗೆ ಅಂಟಿದ್ದು ಬಿಡಲಿಲ್ಲ. ನಮ್ಮೂರ ಬಿಸಿಲು ಬೆವರನ್ನು ಹುಟ್ಟುವ ಮೊದಲೇ ಕುಡಿಯುತ್ತದೆ. ಅಲ್ಲಿ ಬೆವರು ಇಳಿದು ಇಳಿದು ಕಣ್ಣಿಗೆ ಬರುತ್ತಿತ್ತು. ಮರಳು ತೋಡಿ, ಕಾಂಕ್ರೀಟು ಹಾಕಿ, ಕಲ್ಲುಗಂಬ ನಿಲ್ಲಿಸಿದೆವು. ಕಾಂಕ್ರೀಟು ಗಟ್ಟಿಯಾದ ಮೇಲೆ ಎರಡೆರಡು ಕಂಬದ ನಡುವೆ ಒಂದೊಂದು ಹಲಗೆಚೌಕಟ್ಟನ್ನು ಕೂರಿಸಿ ಬೋಲ್ಟು ಬಿಗಿದೆವು. ಕಲ್ಲಿಗೂ ಮರಕ್ಕೂ ನಡುವೆ ಕೂಡ ಏನೂ ಜಾಗ ಬಿಡಲಿಲ್ಲ. ಮೊದಲು ದಾರಿಯಲ್ಲಿ ಹೋಗುತ್ತಿದ್ದ ಪ್ರವಾಸಿಗಳ ತಲೆ ಮಾತ್ರ, ಆಮೇಲೆ ಅವರ ದನಿ ಮಾತ್ರ, ಆಮೇಲೆ ಅಲೆಯ ಸದ್ದು ಮಾತ್ರ ಉಳಿಯಿತು.

ಸಂಜೆ ಅಕ್ಕ ಹಿತ್ತಲ ಕಲ್ಲಿನ ಮೇಲೆ ಕೂತು ಕೂದಲು ಬಿಚ್ಚಿ ಬಾಚಿಕೊಂಡಳು. ಎಷ್ಟೋ ದಿನಗಳಿಂದ ಹೊರಗೆ ಕೂತು ತಲೆ ಬಾಚಿರಲಿಲ್ಲ ಎಂದಳು. ಗಿರಣಿಯ ಸಾಗವಾನಿಯನ್ನು ಅಂಗೈಯಿಂದ ಸವರಿ, "ಲೇ ತಮ್ಮಾ, ಏನ್ ಬಿಗಿ ಕುಂದ್ರಿಸೀಯೋ! ಇರುವಿನೂ ಹೋಗಂಗಿಲ್ಲ" ಎಂದಳು. ನನ್ನ ಕಡೆ ತಿರುಗಿ, "ಸಾಹೇಬ್ರೇ, ಚಾ ಕುಡೀರಿ, ಆರತೈತಿ" ಎಂದಳು.

ನಾನು ತಡೆಯಲಾರದೆ, "ಅಕ್ಕಾ, ನಿನಗ ಸೈಕಲ್ ಕಲಿಸುವಾಗ ಹಿಂದ ಸೀಟು ಹಿಡಿದಾಂವ ಯಾರು?" ಎಂದು ಕೇಳಿದೆ. ಗೆಳೆಯನೂ ಕಪ್ಪು ಕೆಳಗಿಟ್ಟು ಅವಳ ಬಾಯಿಯನ್ನೇ ನೋಡಿದ.

ಅಕ್ಕ ಬಾಚಣಿಕೆಯಿಂದ ಉದುರಿದ ಕೂದಲು ಎಳೆದು ಸುತ್ತುತ್ತ, "ಯಾರ ಹಿಡಿದಿದ್ರೋ ಏನೋ. ನಾ ಮುಂದ ನೋಡ್ತಿದ್ನಿ" ಎಂದಳು.

ಹಾಲುಗಂಬದ ಮಾತನ್ನೂ ಅವತ್ತೇ ಕೇಳಿಬಿಡಬೇಕಿತ್ತು. ಬಾಯಿಯವರೆಗೆ ಬಂದಿತ್ತು. "ಇಬ್ಬರೂ ಹಿಡೀರಿ" ಎಂದು ಅವಳ ಬಾಯಿಂದಲೇ ಕೇಳಿದರೆ ಆಮೇಲೆ ಅನುಮಾನಕ್ಕೂ ಜಾಗ ಇರುವುದಿಲ್ಲವಲ್ಲ ಎಂದು ಚಾದ ಕಪ್ಪು ಎತ್ತಿಕೊಂಡೆ. ಏನನ್ನೂ ಸುಲಭಕ್ಕೆ ನಂಬದವನಿಗೂ ಕೆಲವು ಅನುಮಾನಗಳು ಬೇಕಾಗುತ್ತವೆ.

ಮಳೆಗಾಲ ಹಿಡಿದ ಸ್ವಲ್ಪ ದಿನಕ್ಕೆ, ಕಾಲೇಜಿನಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅಕ್ಕನ ಫೋನು ಬಂತು. ಗುಳಿಗೆಯ ವಿಚಾರಣೆ ಇಲ್ಲ, ಉಕ್ಕುವ ಹಾಲೂ ಇಲ್ಲ. "ಸಾಹೇಬ್ರೇ, ಬೇಲಿ ಹೊಟ್ಟಿ ಬಂದಂಗ ಆಗೇತೋ" ಎಂದಳು. ಫೋಟೊ ಕಳಿಸಿದ್ದಳು. ಹಲಗೆಗಳೆಲ್ಲ ನೀರು ಕುಡಿದು ಉಬ್ಬಿ, ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ, ದಾರಿಯ ಕಡೆಗೆ ಬಸುರಿಯ ಹೊಟ್ಟೆಯಂತೆ ಬಾಗಿ ನಿಂತಿದ್ದವು. ಎರಡು ಕಡೆ ಸ್ಕ್ರೂ ಕಿತ್ತು ಹಲಗೆ ಹೊರಗೆ ಚಾಚಿತ್ತು. ಒಂದು ಕಲ್ಲುಗಂಬ ಕೂಡ ವಾಲಿತ್ತು. ನಮ್ಮೂರಲ್ಲಿ ಮರ ಉಬ್ಬುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾವಿಬ್ಬರೂ ನಗುತ್ತಿದ್ದೆವು.

"ಅವಂಗ ಹೇಳಬ್ಯಾಡ," ಎಂದಳು ಅಕ್ಕ. "ಮನಸಿಗೆ ಹಚ್ಕೊಂತಾನ. ನೀ ಹೆಂಗರ ಮಾಡಿ ಏನ್ ಮಾಡಬೇಕು ನೋಡು."

ನಾನು ಎಷ್ಟೋ ದಿನದಿಂದ ಕಾಯುತ್ತಿದ್ದ ಫೋನು ಅದು. ತೊಂದರೆ ಬಂದಾಗ ಅವಳು ಕರೆದದ್ದು ನನ್ನನ್ನು. ಖುಷಿಯಾಯಿತು. ಒಂದೆರಡು ನಿಮಿಷದ ಮೇಲೆ ಆ ಖುಷಿಯನ್ನು ತಿರುಗಿಸಿ ನೋಡಿದೆ. ಅವನ ಮನಸ್ಸು ನೋಯಬಾರದು ಎಂದೇ ನನಗೆ ಫೋನು ಬಂದಿದೆ. ನನ್ನ ಮನಸ್ಸಿಗೆ ಏನಾದರೂ ನಡೆದೀತು, ಅವನ ಮನಸ್ಸಿಗೆ ಏನೂ ಆಗಬಾರದು.

ಆದರೆ ನನಗೆ ರಂದ ಹಿಡಿಯಲು ಬರುವುದಿಲ್ಲ. ಮರುದಿನವೇ ಕುರುಗೋಡಿಗೆ ಹೋದೆ. ಕಾರ್ಖಾನೆಯ ಮುಂದೆ ಅವನು ಆಗಲೇ ಪೆಟ್ಟಿಗೆಗೆ ಗರಗಸ, ರಂದ, ಡ್ರಿಲ್ಲು ತುಂಬುತ್ತಿದ್ದ.

"ಎಲ್ಲಿಗಲೇ?" ಎಂದೆ.

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. "ಹಿಂಗ... ಹೊಸಪೇಟಿ ಕಡೆ ಒಂದು ಕೆಲಸ."

"ಹೊಸಪೇಟ್ಯಾಗ ಬೇಲಿ ಹೊಟ್ಟಿ ಬಂದೈತೇನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ನಿನಗೂ ಫೋನ್ ಮಾಡ್ಯಾಳ?" ಎಂದ ಅವನು. "ನನಗ ಮೊನ್ನಿನ ಮಾಡಿದ್ಲಲೇ. ನಮ್ಮ ಸಾಹೇಬ್ರಿಗೆ ಹೇಳಬ್ಯಾಡ, ಬಿಸಿಲಾಗ ಕುಂತು ಕಷ್ಟಪಟ್ಟು ಮಾಡ್ಯಾನ, ನಿದ್ದಿ ಮಾಡಂಗಿಲ್ಲ ಆಂವ, ಅಂದ್ಲು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಆದರೆ ಒಳಗೊಳಗೆ ಲೆಕ್ಕ ನಡೆದೇ ಇತ್ತು: ಅವನಿಗೆ ಮೊನ್ನೆ, ನನಗೆ ನಿನ್ನೆ.

ಮಳೆ ಹೊಳವಾದ ದಿನ ನೋಡಿಕೊಂಡು ಕುಮಟಾದ ಬಸ್ಸು ಹತ್ತಿದೆವು. ವಾಲಿದ ಕಂಬವನ್ನು ನೆಟ್ಟಗೆ ಮಾಡಿ, ಹಲಗೆಗಳನ್ನೆಲ್ಲ ಬಿಚ್ಚಿದೆವು. ಎರಡೂ ಅಂಚು ಹೆರೆದು, ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು ಮತ್ತೆ ಕೂರಿಸಿದೆವು. ಕಲ್ಲಿನ ಪಕ್ಕದಲ್ಲೂ ಜಾಗ ಬಿಟ್ಟೆವು. ಸಂದಿನಲ್ಲಿ ಒಳಗಿನದು ಕಾಣಬಾರದಲ್ಲ. ಅದಕ್ಕೆ ಪ್ರತಿ ಸಂದಿಗೂ ಹಿಂದಿನಿಂದ ಒಂದು ಸಣ್ಣ ಪಟ್ಟಿ, ಅದೂ ಒಂದೇ ಹಲಗೆಗೆ ಸ್ಕ್ರೂ ಹಾಕಿ. ಉಬ್ಬಿದರೂ ಸರಿ, ಒಣಗಿದರೂ ಸರಿ, ಇನ್ನೊಂದು ಹಲಗೆ ಪಟ್ಟಿಯ ಮೇಲೆ ಅತ್ತಿತ್ತ ಸರಿದುಕೊಳ್ಳಲಿ ಎಂದು. ಕೊಯ್ದ ಅಂಚಿಗೆಲ್ಲ ಅಗಸೆ ಎಣ್ಣೆ ಬಳಿದೆವು. ಪಟ್ಟಿಯ ಉಪಾಯ ನನ್ನದು. ಇಷ್ಟನ್ನಾದರೂ ನಾನು ಖಚಿತವಾಗಿ ಹೇಳಬಲ್ಲೆ ಎಂದುಕೊಂಡಿದ್ದೆ. ಇದನ್ನು ಬರೆಯಲು ಕೂತಾಗ, ಅದನ್ನು ಮೊದಲು ಹೇಳಿದ್ದು ನಾನೋ ಭಾವನೋ ಎಂದು ಅನುಮಾನ ಬಂದಿದೆ.

ಎಣ್ಣೆ ಹಚ್ಚುತ್ತಿದ್ದಾಗ ಗೆಳೆಯ ಅಂಗಡಿಗೆ ಹೋಗಿದ್ದ. ಅಕ್ಕ ಒಬ್ಬಳೇ ಹತ್ತಿರ ಬಂದು ನಿಂತಳು. ನಾನು ಬ್ರಷ್ಷಿನ ಕಡೆಯೇ ನೋಡುತ್ತ ಕೇಳಿಬಿಟ್ಟೆ.

"ಹಾಲುಗಂಬ ಇಬ್ಬರೂ ಕೂಡೇ ಹಿಡಿಬೇಕೇನಕ್ಕ?"

"ಯಾವ ಇಬ್ಬರು?"

"ಅವಂಗ ಹೇಳಿದ್ದಿಯಂತಲ್ಲ ನೀನು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೂಂ, ಅಂದಿದ್ನಿ. ಆಂವ ಅವಾಗ ಬ್ಯಾಡ ಅಂದ್ನಲ್ಲ. ಅದು ನಿನ್ನೊಬ್ಬಂದ ಹಕ್ಕು, ತಾ ಕೈ ಹಚ್ಚಂಗಿಲ್ಲ ಅಂದ. ಅದನ್ನ ನಿನಗೂ ಹೇಳೀನಿ ಅಂದಿದ್ನಲ್ಲೋ ಆಂವ, ಮಿರ್ಚಿ ತಿನ್ನುವಾಗ. ಹೇಳಲಿಲ್ಲೇನು?"

ನಾನು ಬ್ರಷ್ಷನ್ನು ಎಣ್ಣೆಯ ಡಬ್ಬಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದೆ. ಹೇಳಿರಬೇಕು. ಅವನು ಅರ್ಧ ಮಾತು ಹೇಳಿ ನಿಲ್ಲಿಸುವವನಲ್ಲ. ಆ ತಳ್ಳುಗಾಡಿಯ ಮುಂದೆ ಅವನ ತುಟಿ ಆಡುತ್ತಿದ್ದದ್ದು ಈಗ ಕಣ್ಣಿಗೆ ಕಟ್ಟುತ್ತಿದೆ ಅನ್ನಿಸಿತು. ಆದರೆ ಅಕ್ಕ ಹೇಳಿದ ಮೇಲೆ ಕಟ್ಟಿದ ಚಿತ್ರವನ್ನು ನೆನಪು ಎನ್ನಲು ಬಾರದು. ಮೊದಲ ಅರ್ಧ ಕಿವಿಗೆ ಬಿದ್ದ ಕೂಡಲೇ ಉಳಿದರ್ಧಕ್ಕೆ ನನ್ನಲ್ಲಿ ಜಾಗ ಇರಲಿಲ್ಲ. ಇಡೀ ಬೇಸಿಗೆ ಅವನಿಗೆ ಬೇಡವಾಗಿದ್ದ ವಸ್ತುವಿಗಾಗಿ ಅವನ ಜೊತೆ ಜಿದ್ದಿಗೆ ಬಿದ್ದಿದ್ದೆ.

ಹಗುರವಾಗಬೇಕಿತ್ತು. ಆಗಲಿಲ್ಲ. ನನ್ನ ಹಕ್ಕು ನನಗೆ ಅವನು ಬಿಟ್ಟುಕೊಟ್ಟು ಬಂದದ್ದು ಎಂದಾಯಿತು. ಅವಳು ಮೊದಲು ಕೇಳಿದ್ದು ಅವನನ್ನು, ಬೇಡವೆಂದವನೂ ಅವನು. ಅಷ್ಟು ದೊಡ್ಡ ಮನಸ್ಸು ತೋರಿಸುವ ಅವಕಾಶವನ್ನು ಕೂಡ ಅವನೇ ಹೊಡೆದುಕೊಂಡಿದ್ದ.

"ಎಣ್ಣಿ ಸೋರಾಕ ಹತ್ತೈತಿ ನೋಡು," ಎಂದಳು ಅಕ್ಕ.

ಮದುವೆ ಕಾರ್ತಿಕದಲ್ಲಿ ಸಿರುಗುಪ್ಪದಲ್ಲಾಯಿತು. ಬೆಳಿಗ್ಗೆ ಹೊಳೆಯ ಕಡೆ ಹೋಗಿ ಅತ್ತಿಯ ಕೊಂಬೆಯೊಂದನ್ನು ನಾನೇ ಕಡಿದೆ. ಕೊಡಲಿ ಹಾಕಿದಲ್ಲಿ ಹಾಲು ಜಿನುಗಿ ಅಂಗೈ ಅಂಟಂಟಾಯಿತು. ತಮಟೆ, ವಾಲಗದವರ ಹಿಂದೆ ಅದನ್ನು ಹೆಗಲ ಮೇಲೆ ಹೊತ್ತು ಭಾವನ ಹಿರಿಯರ ಮನೆಯ ಮುಂದಕ್ಕೆ ಬಂದೆ. ಹಸಿ ಮರ ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕೊಂಬೆಯನ್ನು ಕುಣಿಯಲ್ಲಿಳಿಸಿ ಎರಡೂ ಕೈಯಲ್ಲಿ ಹಿಡಿದು ನಿಂತೆ. ಹೆಂಗಸರು ಅರಿಶಿನ, ಕುಂಕುಮ ಹಚ್ಚಿ, ಕಂಕಣ ಕಟ್ಟಿ, ಒಬ್ಬೊಬ್ಬರೇ ಹಾಲೆರೆದರು. ಸೊಸೆಯಾಗಿ ಬೇರೆ ಮನೆಗೆ ಹೊರಟಿದ್ದ ಅಕ್ಕನ ಮಗಳು ಬಾಗಿಲಲ್ಲಿ ನಿಂತು, "ಮಾಮಾ, ನೀ ದೇವರಿಲ್ಲ ಅಂತಿದ್ದಿ. ಈಗ ನಿನ್ನನ್ನ ಪೂಜಿ ಮಾಡಿದಂಗ ಕಾಣತೈತಿ" ಎಂದಳು. ಎಲ್ಲರೂ ನಕ್ಕರು.

ಕುಣಿ ದೊಡ್ಡದಾಗಿತ್ತು, ಮಣ್ಣು ತುಂಬಿ ತುಳಿಯುವಾಗ ಕಂಬ ಅಲುಗಾಡಿತು. ತೋಳು ನೋಯುತ್ತಿತ್ತು. ಇನ್ನೊಬ್ಬರು ಕೈಹಾಕಿದ್ದರೆ ಸಲೀಸಾಗುತ್ತಿತ್ತು. ಗೆಳೆಯ ಜನರ ನಡುವೆ ನಿಂತಿದ್ದ, ನನ್ನ ಚಪ್ಪಲಿಯನ್ನೂ ಫೋನನ್ನೂ ಹಿಡಿದುಕೊಂಡು. ಅವನ್ನು ನಾನು ಕೊಟ್ಟಿದ್ದೆನೋ ಅವನೇ ತೆಗೆದುಕೊಂಡಿದ್ದನೋ ಗೊತ್ತಿಲ್ಲ. ನಾನು ಅವನ ಕಡೆ ನೋಡಲಿಲ್ಲ. ಯಾರನ್ನೂ ಕರೆಯಲಿಲ್ಲ. ಮಣ್ಣು ಗಟ್ಟಿಯಾಗುವ ತನಕ ಒಬ್ಬನೇ ಹಿಡಿದು ನಿಂತೆ.

ಕೊನೆಗೆ ಅಕ್ಕ ಬಂದು, ನನ್ನ ಕೈಯ ಅತ್ತಿಯ ಅಂಟನ್ನೂ ಮಣ್ಣನ್ನೂ ತನ್ನ ಸೆರಗಿನಿಂದಲೇ ಒರೆಸಿದಳು. ಹೊಸ ಇಳಕಲ್ ಸೀರೆ. "ಬಿಡಕ್ಕ, ಕಲೆ ಆಕೈತಿ" ಎಂದೆ. "ಆಗಲಿ ತಗೋ" ಎಂದಳು. ಆ ಕ್ಷಣದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡೇ, ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿ, "ಲೇ ತಮ್ಮಾ, ಕುರುಗೋಡಿಂದ ಬೆಳಗಾಗ ಹೊಂಟೀಯಲ್ಲೋ, ಹಸಿದಿರ್ತಿ. ಏನರ ತಿಂದೇನು?" ಎಂದು ಕೇಳಿದಳು.

ನಾನೂ ಬೆಳಗಿನಿಂದ ಏನೂ ತಿಂದಿರಲಿಲ್ಲ.